ಸೌದಿಗೆ ದುಡಿಯಲು ಬರುವವರು ಕರಾರಿನ ಬಗ್ಗೆ ತಿಳಿದಿರಬೇಕಾದದ್ದು

ಮಂಗಳೂರು, ಉಡುಪಿ, ಭಟ್ಕಳದ ಕಡೆಯಿಂದ ಸೌದಿ ಅರೇಬಿಯಕ್ಕೆ ಹೊರಡುವ ನಮ್ಮ ಯುವಕರು ಕೆಲಸದ ಕರಾರನ್ನು ದೀನಿನ (ಧರ್ಮದ) ವಿಷಯವೆಂದೇ ಪರಿಗಣಿಸಬೇಕು. "ವಿಶ್ವಾಸಿಗಳೇ, ಕರಾರುಗಳನ್ನು ಪೂರೈಸಿರಿ" ಎಂಬ ಆದೇಶದಿಂದಲೇ ಕುರ್‌ಆನಿನ ಅಲ್‌ಮಾಇದ ಅಧ್ಯಾಯ ಆರಂಭವಾಗುತ್ತದೆ. ಅದು ಕೆಲಸಗಾರನಿಗೆ ಅನ್ವಯಿಸುವಷ್ಟೇ ಕಫೀಲನಿಗೂ, ಅಂದರೆ ವೀಸಾ ಕೊಟ್ಟು ಕರೆಸಿಕೊಳ್ಳುವ ಪ್ರಾಯೋಜಕ ಮಾಲೀಕನಿಗೂ ಅನ್ವಯಿಸುತ್ತದೆ.

ಊರಿನಲ್ಲಿರುವಾಗಲೇ ಕರಾರಿನ ಪ್ರತಿಯನ್ನು ಕೇಳಿ ಪಡೆಯಿರಿ. ಇಲ್ಲಿ ಸೌದಿಯಲ್ಲಿ ಅರಬಿ ಪಠ್ಯವೇ ಅಂತಿಮವಾದ್ದರಿಂದ, ಅರಬಿ ಬಲ್ಲ ಉಸ್ತಾದರಿಂದಲೋ ಇಲ್ಲಿರುವ ಪರಿಚಿತರಿಂದಲೋ ಮೂಲ ವೇತನ, ಹುದ್ದೆ ಮತ್ತು ರಜೆಯ ಸಾಲುಗಳನ್ನು ಓದಿಸಿಕೊಳ್ಳಿ. 'ಫ್ರೀ ವೀಸಾ' ಮಾರುವವರಿಂದ ದೂರವಿರಿ. ಒಬ್ಬ ಕಫೀಲನ ಹೆಸರಿನಲ್ಲಿ ಬಂದು, ಅವನಿಗೆ ಹಣ ತೆರುತ್ತಾ ಬೇರೆಡೆ ದುಡಿಯುವ ಈ ಏರ್ಪಾಡು ಕಾನೂನಿಗೆ ವಿರುದ್ಧ. ಅವನು 'ಹುರೂಬ್' (ಪರಾರಿ) ಎಂದು ದೂರು ಕೊಟ್ಟರೆ ನೀವು ಓಡಿಹೋದವರ ಪಟ್ಟಿಗೆ ಸೇರುತ್ತೀರಿ. ಇಂಥ ವೀಸಾಕ್ಕಾಗಿ ತಾಯಿಯ ಒಡವೆ ಅಡವಿಟ್ಟು ಬಡ್ಡಿಯ ಸಾಲ ತಂದರಂತೂ, ಹಲಾಲ್ ಸಂಪಾದನೆಗೆಂದು ಹೊರಟ ಪ್ರಯಾಣ ಹರಾಮಿನಿಂದಲೇ ಶುರುವಾಗುತ್ತದೆ. ಸಾಲ ಅನಿವಾರ್ಯವಾದರೆ ಬಂಧುಗಳಿಂದ ಬಡ್ಡಿಯಿಲ್ಲದೆ ಪಡೆದು, ಅಲ್‌ಬಕರ ಅಧ್ಯಾಯದ 282ನೇ ವಚನ ಹೇಳುವಂತೆ ಅವಧಿಸಮೇತ ಬರೆದಿಡಿ.

ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿಯ ಪ್ರಕಾರ ನೇಮಕಾತಿ, ಇಕಾಮಾ (ವಾಸದ ಪರವಾನಗಿ) ಮತ್ತು ಅದರ ನವೀಕರಣದ ಖರ್ಚು ಮಾಲೀಕನದು. ನಿಮ್ಮ ಪಾಸ್‌ಪೋರ್ಟನ್ನು ವಶದಲ್ಲಿಟ್ಟುಕೊಳ್ಳುವ ಹಕ್ಕೂ ಅವನಿಗಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಿನಲ್ಲಿ ದುಡಿಸುವಂತಿಲ್ಲ. ರಮಝಾನಿನಲ್ಲಿ ಮುಸ್ಲಿಮರಿಗೆ ದಿನಕ್ಕೆ 6 ಗಂಟೆಯಷ್ಟೇ ಕೆಲಸ. 2021ರ ಮಾರ್ಚ್‌ನಲ್ಲಿ ಬಂದ ಸುಧಾರಣೆಯಿಂದಾಗಿ, ಒಂದು ವರ್ಷ ಪೂರೈಸಿದವರು ನೋಟಿಸ್ ಮುಂತಾದ ಷರತ್ತುಗಳನ್ನು ಪಾಲಿಸಿ, ಕಫೀಲನ ಒಪ್ಪಿಗೆಯಿಲ್ಲದೆಯೂ ಕೆಲಸ ಬದಲಿಸಬಹುದು. ಆದರೆ ಮನೆಗೆಲಸದವರು ಮತ್ತು ಮನೆಯ ಡ್ರೈವರುಗಳು ಈ ಕಾನೂನಿನಿಂದ ಹೊರಗಿದ್ದು, ಅವರಿಗೆ ಬೇರೆಯೇ ನಿಯಮಾವಳಿ ಇದೆ. ಆ ಕೆಲಸಕ್ಕೆ ಬರುವವರು ಇಮ್ಮಡಿ ಎಚ್ಚರ ವಹಿಸಬೇಕು.

ಸಂಬಳ ನಿಂತಾಗ "ಸಬ್ರ್ (ತಾಳ್ಮೆ) ಮಾಡು" ಎನ್ನುವವರು ಬಹಳ ಮಂದಿ ಸಿಗುತ್ತಾರೆ. ಸಬ್ರ್ ಎಂದರೆ ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಂಡಿರುವುದೆಂದು ನಾನು ಒಪ್ಪಲಾರೆ. ಕಾರ್ಮಿಕನ ಬೆವರು ಆರುವ ಮುನ್ನ ಕೂಲಿ ಕೊಡಿರೆಂದು ಪ್ರವಾದಿವರ್ಯರು (ಸ) ಹೇಳಿದ್ದಾರೆ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ತಾನೇ ವಾದಿಯಾಗುವೆನೆಂದು ಅಲ್ಲಾಹನು ಹೇಳಿರುವುದಾಗಿ ಬುಖಾರಿಯ ಹದೀಸಿನಲ್ಲಿದೆ. ಆದ್ದರಿಂದ ಬ್ಯಾಂಕಿನ ವಿವರ ಮತ್ತು ಹಾಜರಿಯ ದಾಖಲೆ ಇಟ್ಟುಕೊಂಡು ಮಾನವ ಸಂಪನ್ಮೂಲ ಸಚಿವಾಲಯಕ್ಕೆ ದೂರು ಕೊಡಿ. ರಾಜಿಯಾಗದಿದ್ದರೆ ಅದು ಕಾರ್ಮಿಕ ನ್ಯಾಯಾಲಯಕ್ಕೆ ಹೋಗುತ್ತದೆ. ಕೆಲಸ ಬಿಟ್ಟು 12 ತಿಂಗಳು ಕಳೆದ ಮೇಲೆ ಸಾಮಾನ್ಯವಾಗಿ ದೂರು ಸ್ವೀಕರಿಸುವುದಿಲ್ಲವಾದ್ದರಿಂದ ತಡಮಾಡಬೇಡಿ. ಹಕ್ಕು ಕೇಳುವವರ ಕೆಲಸವೂ ಶುದ್ಧವಾಗಿರಬೇಕು: ಕಂಪನಿಯ ಡೀಸೆಲ್ ಕೂಡ ಅಮಾನತೇ, ಅಂದರೆ ನಂಬಿ ಒಪ್ಪಿಸಿದ ಸ್ವತ್ತೇ.

ಮನೆಯವರ ಹಕ್ಕಿಗೂ ಇದೇ ತೂಕವಿದೆ. ಪತ್ನಿಯರಿಂದ ದೂರವಿರುವ ಸೈನಿಕರಿಗೆ ಖಲೀಫಾ ಉಮರ್ (ರ) ತಿಂಗಳುಗಳ ಮಿತಿ ಹಾಕಿದ್ದರೆಂದು ವರದಿಗಳಿವೆ. ನಮ್ಮವರಾದರೋ ಎರಡು-ಮೂರು ವರ್ಷ ಊರಿನ ಮುಖ ಕಾಣದೆ ಹಣ ಕಳುಹಿಸುತ್ತಲೇ ಇರುತ್ತಾರೆ. ಕಾನೂನಿನಂತೆ ವರ್ಷಕ್ಕೆ ಕನಿಷ್ಠ 21 ದಿನ ಸಂಬಳಸಹಿತ ರಜೆ ನಿಮ್ಮದು, ಮತ್ತು ಸೇವೆಯಲ್ಲಿರುವಾಗ ಅದರ ಬದಲಿಗೆ ಹಣ ಪಡೆಯಲು ಅದೇ ಕಾನೂನು ಬಿಡುವುದಿಲ್ಲ.