ಹಳೇ ಕಂಪ್ಯೂಟರಿನಲ್ಲೇ ಮನೆಯ ಮೀಡಿಯಾ ಸರ್ವರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ಮೀಡಿಯಾ ಸರ್ವರ್ ಅಂದರೆ ಮನೆಯ ವಿಡಿಯೋ, ಆಡಿಯೋ ಎಲ್ಲವನ್ನೂ ಒಂದೇ ಕಡೆ ಇಟ್ಟು ಟಿವಿಗೂ ಫೋನಿಗೂ ಕಳಿಸುವ ಕಂಪ್ಯೂಟರ್. ಅದನ್ನು ಕಟ್ಟಲು ಕಪಾಟಿನಲ್ಲಿರುವ ಮದುವೆ ಡಿವಿಡಿಗಳನ್ನು ಮೊದಲು ಹೊರಗೆ ತೆಗೆಯಿರಿ. ಫೋನಿನ ಮೆಮೊರಿ ಕಾರ್ಡು, ಹಳೇ ಪೆನ್‌ಡ್ರೈವ್, ನಮ್ಮ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ವಿಡಿಯೋ, ಜ್ಞಾನಯೋಗಾಶ್ರಮದ ಪ್ರವಚನದ ಆಡಿಯೋ, ಎಲ್ಲ ಒಂದು ಕಡೆ ಗುಡ್ಡೆ ಹಾಕಿ. ಎಷ್ಟು ಜಾಗ ಬೇಕು ಅಂತ ಆಗ ಗೊತ್ತಾಗುತ್ತದೆ. ಒಂದು ಸಾಮಾನ್ಯ ಡಿವಿಡಿ 4.7 ಜಿಬಿ, ಅಂದರೆ ನೂರು ಡಿವಿಡಿ ಇದ್ದರೂ ಅರ್ಧ ಟಿಬಿ ದಾಟುವುದಿಲ್ಲ. ಜಾಗ ತಿನ್ನುವುದು ಫೋನಿನ 4ಕೆ ವಿಡಿಯೋ. ಸೆಟ್ಟಿಂಗ್ ನೋಡಿಕೊಂಡು ನಿಮಿಷಕ್ಕೆ 170ರಿಂದ 400 ಎಂಬಿ ಹೋಗುತ್ತದೆ. ಹೆಚ್ಚಿನ ಮನೆಗಳಿಗೆ 4 ಟಿಬಿ ಡಿಸ್ಕ್ ಸಾಕು. ಆದರೆ ಅಂಥವು ಎರಡು ಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೊಸ ಕಂಪ್ಯೂಟರ್ ಕೊಳ್ಳಬೇಡಿ. ಆಫೀಸುಗಳಿಂದ ಬಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಧಾರಾಳ ಸಾಕು, ಇಂಟೆಲ್ 7ನೇ ಜನರೇಷನ್ ಅಥವಾ ಅದಕ್ಕಿಂತ ಈಚಿನದು ಇರಲಿ. ಈಗಿನ ಫೋನುಗಳು ವಿಡಿಯೋವನ್ನು ಹೆಚ್ಚಾಗಿ ಎಚ್‌ಇವಿಸಿ ಎಂಬ, ಕಡಿಮೆ ಜಾಗ ಹಿಡಿಯುವ ರೂಪದಲ್ಲಿ ಉಳಿಸುತ್ತವೆ, ಹಳೇ ಟಿವಿಗೆ ಅದು ಅರ್ಥವಾಗದಿದ್ದರೆ ಸರ್ವರ್ ಅಲ್ಲೇ ಬದಲಿಸಿ ಕಳಿಸಬೇಕು, ಆ ಕೆಲಸವನ್ನು ಇಂಟೆಲ್ ಚಿಪ್ಪಿನ ಗ್ರಾಫಿಕ್ಸ್ ಭಾಗದಲ್ಲಿರುವ ಕ್ವಿಕ್ ಸಿಂಕ್ ಅನ್ನುವ ಸೌಲಭ್ಯ, ಮುಖ್ಯ ಪ್ರೊಸೆಸರ್‌ಗೆ ಭಾರ ಬೀಳದ ಹಾಗೆ ಮಾಡುತ್ತದೆ. 8 ಜಿಬಿ ರ್‍ಯಾಮ್ ಇದ್ದರೆ ಆಯಿತು.

ಉಳಿದ ದುಡ್ಡು ಡಿಸ್ಕಿಗೆ ಮತ್ತು ಯುಪಿಎಸ್‌ಗೆ. ಡಿಸ್ಕ್ ಕೊಳ್ಳುವಾಗ ಅದು ಸಿಎಂಆರ್ ಹೌದೋ ಅಲ್ಲವೋ ಕೇಳಿ. ಸಿಎಂಆರ್, ಎಸ್‌ಎಂಆರ್ ಅನ್ನುವುದು ಡಿಸ್ಕಿನೊಳಗೆ ಡೇಟಾ ಬರೆಯುವ ಎರಡು ವಿಧಾನ. ಎಸ್‌ಎಂಆರ್ ಡಿಸ್ಕು ದೊಡ್ಡ ಫೈಲುಗಳನ್ನು ಒಂದೇ ಸಮ ಬರೆಯುವಾಗ ನಿಧಾನವಾಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇದೆ, ಯುಪಿಎಸ್ ಯಾಕೆ ಅಂತ ಕೇಳಬಹುದು. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಹಾಕಿರದಿದ್ದರೆ ಕರೆಂಟ್ ಹೋದ ಆ ಕ್ಷಣದಲ್ಲೇ ಕಂಪ್ಯೂಟರ್ ರೀಸ್ಟಾರ್ಟ್ ಆಗಬಹುದು. ಡಿಸ್ಕ್ ಬರೆಯುತ್ತಿರುವಾಗ ಹೀಗಾದರೆ ಫೈಲು ಕೆಡುತ್ತದೆ. ಯುಎಸ್‌ಬಿ ಕೇಬಲ್ ಇರುವ ಯುಪಿಎಸ್ ತಗೊಂಡರೆ ಬ್ಯಾಟರಿ ಮುಗಿಯುವ ಮೊದಲು ಸರ್ವರ್ ತಾನೇ ನೀಟಾಗಿ ಬಂದ್ ಆಗುವ ಹಾಗೆ ಮಾಡಬಹುದು.

ಎಲ್ಲಿ ಇಡುತ್ತೀರಿ ಅನ್ನುವುದೂ ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಶೀಟಿನ ಕೋಣೆ ಬೇಡ, ಅಟ್ಟವಂತೂ ಬೇಡವೇ ಬೇಡ. ಕಲ್ಲಿನ ಗೋಡೆಯ ತಂಪು ಕೋಣೆ ಇದ್ದರೆ ಅಲ್ಲಿಡಿ. ನೆಲದಿಂದ ಸ್ವಲ್ಪ ಎತ್ತರದಲ್ಲಿರಲಿ, ನಮ್ಮ ಕಡೆಯ ಧೂಳು ಫ್ಯಾನಿಗೆ ಬೇಗ ಮೆತ್ತುತ್ತದೆ.

ಈಗ ಸಾಫ್ಟ್‌ವೇರ್. ಹಳೇ ಕಂಪ್ಯೂಟರನ್ನು ಫೈಲ್ ಸರ್ವರ್ ಮಾಡುವ ಓಪನ್‌ಮೀಡಿಯಾವಾಲ್ಟ್ ಹಾಕಿ ಅನ್ನುತ್ತೇನೆ ನಾನು. ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ್ದು, ಉಚಿತ, ಸೆಟ್ಟಿಂಗೆಲ್ಲ ಬ್ರೌಸರಿನಲ್ಲೇ ನಡೆಯುತ್ತದೆ. ಇದಕ್ಕೆ ಒಂದು ಸಣ್ಣ ಎಸ್‌ಎಸ್‌ಡಿ ಬೇರೆಯೇ ಬೇಕು, ವಿಡಿಯೋ ಇಡುವ ಡೇಟಾ ಡಿಸ್ಕಿನಲ್ಲಿ ಹಾಕಬಾರದು. ಇನ್‌ಸ್ಟಾಲ್ ಮಾಡುವಾಗ ಡೇಟಾ ಡಿಸ್ಕಿನ ಕೇಬಲ್ ಕಿತ್ತಿಡಿ, ತಪ್ಪು ಡಿಸ್ಕ್ ಅಳಿಸಿಹೋಗುವ ಭಯವೇ ಇರುವುದಿಲ್ಲ. ಮೊದಲ ಲಾಗಿನ್ ಆದ ಕೂಡಲೇ ಪಾಸ್‌ವರ್ಡ್ ಬದಲಿಸಿ. ಆಮೇಲೆ ಸರ್ವರ್ ಬಂದ್ ಮಾಡಿ ಡೇಟಾ ಡಿಸ್ಕಿನ ಕೇಬಲ್ ಮತ್ತೆ ಜೋಡಿಸಿ, ಅದನ್ನು ಲಿನಕ್ಸಿನ ಇಎಕ್ಸ್‌ಟಿ4 ರೂಪಕ್ಕೆ ಫಾರ್ಮ್ಯಾಟ್ ಮಾಡಿ, ಶೇರ್ಡ್ ಫೋಲ್ಡರ್ ಮಾಡಿ, ಮನೆಯ ಬೇರೆ ಕಂಪ್ಯೂಟರುಗಳಿಗೂ ಆ ಫೋಲ್ಡರ್ ಕಾಣುವ ಹಾಗೆ ಎಸ್‌ಎಂಬಿ ಆನ್ ಮಾಡಿ. ರೂಟರಿನಲ್ಲಿ ಸರ್ವರಿಗೆ ಒಂದೇ ಐಪಿ ವಿಳಾಸ ಖಾಯಂ ಮಾಡಿಬಿಡಿ.

ರೂಟರಿಗೆ ಕೇಬಲ್ಲಿನಿಂದಲೇ ಜೋಡಿಸಿ. ರೂಟರಿನ ಪೋರ್ಟ್ 100 ಎಂಬಿಪಿಎಸ್‌ನದಾದರೆ ಸೆಕೆಂಡಿಗೆ 11 ಎಂಬಿ ಆಸುಪಾಸು ಹೋಗುತ್ತದೆ, ಅರ್ಧ ಟಿಬಿ ಕಾಪಿ ಆಗಲು ಹನ್ನೆರಡು ತಾಸಿಗೂ ಜಾಸ್ತಿ. ಗಿಗಾಬಿಟ್ ಇದ್ದು ಡಿಸ್ಕೂ ಅಷ್ಟು ವೇಗ ಕೊಟ್ಟರೆ ಒಂದೂವರೆ ತಾಸೊಳಗೆ ಮುಗಿಯುತ್ತದೆ.

ಟಿವಿಯಲ್ಲಿ, ಫೋನಿನಲ್ಲಿ ನೋಡಲು ಸರ್ವರಿನಲ್ಲಿ ಹಾಕುವ ಸಾಫ್ಟ್‌ವೇರ್ ಜೆಲ್ಲಿಫಿನ್. ಚಂದಾ ಇಲ್ಲ, ಆಂಡ್ರಾಯ್ಡ್ ಟಿವಿಗೆ ಆ್ಯಪ್ ಇದೆ. ಡಾಕರಿನಲ್ಲಿ, ಅಂದರೆ ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯೊಳಗೆ, ಹಾಕುವವರು ಗ್ರಾಫಿಕ್ಸ್ ಡಿವೈಸನ್ನು ಆ ಕಂಟೇನರಿಗೆ ಕೊಡಲು ಮರೆಯಬೇಡಿ, ಜೆಲ್ಲಿಫಿನ್ ಡ್ಯಾಶ್‌ಬೋರ್ಡಿನಲ್ಲಿ ಕ್ವಿಕ್ ಸಿಂಕ್ ಆನ್ ಮಾಡಿ. ಮೀಡಿಯಾ ಫೋಲ್ಡರನ್ನು ಓದಲು ಮಾತ್ರ ಕೊಡಿ, ಟಿವಿ ರಿಮೋಟಿನಿಂದ ಯಾರೂ ಏನೂ ಅಳಿಸಬಾರದು ಅಲ್ವಾ. ಮನೆಯ ವಿಡಿಯೋಗಳಿಗೆ ಬೇರೆ ಲೈಬ್ರರಿ ಮಾಡಿ, ವರ್ಷವಾರು ಫೋಲ್ಡರ್ ಇರಲಿ.

ಇನ್ನು ಎರಡನೇ ಡಿಸ್ಕು. ಎರಡನ್ನೂ ಸೇರಿಸಿ ರೇಡ್, ಅಂದರೆ ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುವ ಜೋಡಿ, ಮಾಡಿದರೆ ಬ್ಯಾಕಪ್ ಆಯಿತು ಅಂದುಕೊಳ್ಳುವವರು ಬಹಳ. ಅದು ಬ್ಯಾಕಪ್ ಅಲ್ಲ. ಒಂದರಲ್ಲಿ ಅಳಿಸಿದ್ದು ಆ ಕ್ಷಣವೇ ಇನ್ನೊಂದರಲ್ಲೂ ಅಳಿಸುತ್ತದೆ, ಸಿಡಿಲು ಬಡಿದರೆ ಎರಡೂ ಹೋಗುತ್ತವೆ. ಎರಡನೆಯದನ್ನು ಯುಎಸ್‌ಬಿ ಕೇಸಿನಲ್ಲಿ ಹಾಕಿ, ತಿಂಗಳಿಗೊಮ್ಮೆ ಕಾಪಿ ಮಾಡಿ, ಬಾಗಲಕೋಟೆಯ ತಂಗಿ ಮನೆಯಲ್ಲೋ ಜಮಖಂಡಿಯ ಮಾವನ ಮನೆಯಲ್ಲೋ ಇಡಿ. ಅಜ್ಜಿಯ ದನಿ ಇರುವ ವಿಡಿಯೋ ಮತ್ತೆ ಸಿಗುವುದಿಲ್ಲ. ಇದೊಂದನ್ನು ಮಾತ್ರ ದಯವಿಟ್ಟು ಮುಂದೂಡಬೇಡಿ. ಕಾಪಿ ಆದ ಮೇಲೆ ನಾಲ್ಕಾರು ಫೈಲು ತೆರೆದು ಓಡಿಸಿ ನೋಡಿ, ಅದೇ ದಿನ ಡಿಸ್ಕು ತನ್ನ ಆರೋಗ್ಯ ತಾನೇ ಹೇಳುವ ಸ್ಮಾರ್ಟ್ ರಿಪೋರ್ಟೂ ನೋಡಿ. ಅದರಲ್ಲಿ ರೀಅಲೊಕೇಟೆಡ್ ಸೆಕ್ಟರ್, ಅಂದರೆ ಕೆಟ್ಟುಹೋಗಿ ಬದಲಿಸಿದ ಜಾಗಗಳ ಲೆಕ್ಕ, ಏರುತ್ತಿದ್ದರೆ ಹೊಸ ಡಿಸ್ಕ್ ತರುವ ಹೊತ್ತು ಬಂದಿದೆ.

ಬೆಂಗಳೂರು, ಪುಣೆಯಲ್ಲಿರುವ ಮಕ್ಕಳೂ ನೋಡಬೇಕು ಅಂದರೆ ಹೊರಗಿನ ಇಂಟರ್ನೆಟ್‌ಗೆ ಬಾಗಿಲಾಗುವ ಹಾಗೆ ರೂಟರಿನಲ್ಲಿ ಪೋರ್ಟ್ ತೆರೆಯಬೇಡಿ. ಎಷ್ಟೋ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಸಿಜಿನ್ಯಾಟ್, ಅಂದರೆ ಹಲವು ಮನೆಗಳಿಗೆ ಒಂದೇ ಹೊರಗಿನ ಐಪಿ ವಿಳಾಸ, ಇರುವುದರಿಂದ ಅದು ಕೆಲಸ ಮಾಡುವುದೂ ಇಲ್ಲ. ದೂರದ ಸಾಧನಗಳನ್ನು ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ, ಅವರ ಫೋನಿಗೂ ಸರ್ವರಿಗೂ. ಚಿತ್ರ ತಡೆತಡೆದು ಬಂದರೆ ಜೆಲ್ಲಿಫಿನ್‌ನಲ್ಲಿ ಹೊರಗಿನವರ ಬಿಟ್‌ರೇಟ್ (ಸೆಕೆಂಡಿಗೆ ಹೋಗುವ ಡೇಟಾ) ಮಿತಿಯನ್ನು ನಿಮ್ಮ ಅಪ್‌ಲೋಡ್ ವೇಗಕ್ಕಿಂತ ಕಡಿಮೆ ಇಡಿ.