ರೋಲರ್ ಮರಿ ಲಾಗ ಹಾಕುವವರೆಗೆ

ಹಾರುತ್ತಲೇ ಹಿಂದಕ್ಕೆ ಲಾಗ ಹಾಕುವ ಪಾರಿವಾಳದ ತಳಿಯೇ ರೋಲರ್. ಲಾಗ ಅದರ ರಕ್ತದಲ್ಲೇ ಇರುತ್ತದೆ, ಕಲಿಸಿದರೆ ಬರುವುದಲ್ಲ. ನಮ್ಮ ಕೈಲಿರುವುದು ಮೇವು, ಹಾರಾಟ, ಕಾಯುವಿಕೆ ಅಷ್ಟೇ.

ಮರಿ ತಾನೇ ಕಾಳು ತಿನ್ನತೊಡಗಿದಾಗ, ಸುಮಾರು 30–35 ದಿನಕ್ಕೆ, ಬೇರೆ ಮಾಡಿ. ಒಂದು ವಾರ ಜಾಲರಿ ಪಂಜರದಲ್ಲಿ ಮಾಳಿಗೆ ಮೇಲಿಟ್ಟು ಸುತ್ತಲನ್ನು ನೋಡಲು ಬಿಡಿ. ನೆರಳು, ನೀರು ಮರೆಯಬೇಡಿ. ಮೇವು ಹಾಕುವಾಗಲೆಲ್ಲ ಒಂದೇ ಥರ ಸಿಳ್ಳೆ ಹೊಡೆಯಿರಿ, ಮುಂದೆ ಕೆಳಗಿಳಿಸಲು ಅದೇ ಬೇಕು.

ಹಸಿದಿದ್ದಾಗ ಹಾರಿಸಿ, ಇಳಿದ ಮೇಲೆ ತಲೆಗೆ ದಿನಕ್ಕೆ 25–30 ಗ್ರಾಂ ಜೋಳ, ಗೋಧಿ, ಸಜ್ಜೆ ಹಾಕಿ. ಹೊಟ್ಟೆ ತುಂಬಿದ ಹಕ್ಕಿ ಸಿಳ್ಳೆಗೆ ಕಿವಿಗೊಡುವುದಿಲ್ಲ. ರಾಯಚೂರು, ಬಳ್ಳಾರಿಯ ಬೇಸಿಗೆಯಲ್ಲಂತೂ ಬಿಸಿಲೇರುವ ಮೊದಲೇ ಗೂಡು ಸೇರಿಸಬೇಕು.

ಮೂರರಿಂದ ಆರು ತಿಂಗಳೊಳಗೆ ಮರಿ ಹಾರುತ್ತಲೇ ಬಾಲ ಅಗಲಿಸಿ, ರೆಕ್ಕೆ ಪಟಪಟ ಬಡಿದು, ಗಾಳಿಯಲ್ಲೇ ಹಿಂದಕ್ಕೆ ಕೂತಂತೆ ಮಾಡುತ್ತದೆ. ಲಾಗ ಶುರುವಾಗುವುದು ಹೀಗೆ. ಮೊದಲು ಒಂದು, ಆಮೇಲೆ ಎರಡು. ಕೆಲವಕ್ಕೆ ವರ್ಷವೇ ಹಿಡಿಯುತ್ತದೆ. ತಡವಾಯಿತೆಂದು ಮಾರಿಬಿಟ್ಟರೆ ನಷ್ಟ ನಿಮಗೇ.

ಅವಸರದ ಮರಿಯೇ ತಲೆನೋವು. ಹಿಡಿತ ಬರುವ ಮುಂಚೆ ಉರುಳಿ ಮಾಳಿಗೆಗೆ ಬಡಿದುಕೊಳ್ಳುತ್ತದೆ. ಅಂಥದ್ದನ್ನು ಎರಡು ವಾರ ಹಾರಿಸಬೇಡಿ. ಮತ್ತೆ ಬಡಿದುಕೊಂಡರೆ ಹಾರಾಟ ನಿಲ್ಲಿಸಿ, ಅದರಿಂದ ಮರಿ ತೆಗೆಯಬೇಡಿ.