ಹಳೇ ಥಿಂಕ್‌ಪ್ಯಾಡ್ ಟಿ480ರಲ್ಲಿ ಫೋಟೋ ಎಡಿಟಿಂಗ್: ಪ್ರವಾಸಕ್ಕೆ ಸಜ್ಜು ಮಾಡಿದ ನನ್ನ ಅನುಭವ

ಎಂಟನೇ ತಲೆಮಾರಿನ ಇಂಟೆಲ್ ಚಿಪ್ ಇರುವ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗೆ ಪರದೆ, ರ‍್ಯಾಮ್, ಬ್ಯಾಟರಿ ಎಲ್ಲ ಬದಲಾಯಿಸಿ ರಾ ಫೈಲ್ (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲ್) ಎಡಿಟ್ ಮಾಡುತ್ತೇನೆ ಎಂದಾಗ ಬಲ್ಲವರೆಲ್ಲ ಹೇಳಿದ್ದು ಒಂದೇ ಮಾತು: ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಇನ್ನಷ್ಟು ಸೇರಿಸಿ ಹೊಸದನ್ನೇ ತಗೊ. ಈಗ ಅದೇ ಯಂತ್ರದಲ್ಲಿ 24 ಮೆಗಾಪಿಕ್ಸೆಲ್ ರಾ ಫೈಲುಗಳು ತಡವರಿಸದೆ ಸಾಗುತ್ತವೆ, ಪರದೆಯ ಬಣ್ಣ ಪ್ರಿಂಟ್‌ಗೆ ಹೊಂದುತ್ತದೆ, ಪ್ಲಗ್ ಸಿಗದ ದಿನವೂ ಕೆಲಸ ನಿಲ್ಲುವುದಿಲ್ಲ. ಫೋಟೋ ತಂತ್ರಾಂಶ ಲೈಟ್‌ರೂಮ್ ಬಳಸುವವರಿಗೆ, ಸ್ಕ್ರೂಡ್ರೈವರ್ ಹಿಡಿದು ಅಭ್ಯಾಸ ಇರುವವರಿಗೆ ಇದು. ರ‍್ಯಾಮ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ದುಡ್ಡಿನ ಲೆಕ್ಕ ಮೊದಲು ಮುಗಿಸೋಣ. ಒಳ್ಳೆಯ ಪರದೆ, 32 ಜಿಬಿ ರ‍್ಯಾಮ್, 1 ಟಿಬಿ ಇರುವ ಹೊಸ ಲ್ಯಾಪ್‌ಟಾಪ್‌ನ ಬೆಲೆ ನೂರು ಎಂದುಕೊಳ್ಳಿ. ನೆನಪಿನ ಮೇಲೆ ಹೇಳುವುದಾದರೆ ಹಳೇ ಯಂತ್ರಕ್ಕೆ ಹದಿನೆಂಟು–ಇಪ್ಪತ್ತು, ರ‍್ಯಾಮ್‌ಗೆ ಆರೇಳು, ಎಸ್‌ಎಸ್‌ಡಿಗೆ ಎಂಟು, ಪರದೆಗೆ ಏಳು, ಎರಡು ಬ್ಯಾಟರಿಗೆ ಆರು, ಚಿಲ್ಲರೆ ಸಾಮಾನಿಗೆ ಎರಡು. ಎಲ್ಲ ಸೇರಿ ಅರ್ಧ ದಾಟಲಿಲ್ಲ. ಮೆಮೊರಿ ಬೆಲೆ ಏರಿದ ಕಾಲದಲ್ಲಿ ರ‍್ಯಾಮ್‌ನ ಪಾಲು ದುಪ್ಪಟ್ಟಾಗಬಹುದು. ಆಗ 16 ಜಿಬಿ ಈಗಾಗಲೇ ಹಾಕಿರುವ ಯಂತ್ರವನ್ನೇ ಹುಡುಕುವುದು ಜಾಣತನ. ಕಲರ್ ಅಳೆಯುವ ಉಪಕರಣವನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಹೊಸ ಲ್ಯಾಪ್‌ಟಾಪ್ ಕೊಂಡರೂ ಅದು ಬೇಕೇ ಬೇಕು.

ಟಿ480 ಯಾಕೆ, ಅದರ ಹಿಂದಿನ ತಲೆಮಾರಿನ ಟಿ470 ಯಾಕಲ್ಲ? ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರ ಅಧಿಕೃತ ಪಟ್ಟಿ ಇಂಟೆಲ್‌ನಲ್ಲಿ ಸುಮಾರಾಗಿ ಎಂಟನೇ ತಲೆಮಾರಿನಿಂದ ಶುರುವಾಗುತ್ತದೆ. ಅದೇ ತಲೆಮಾರಿನಲ್ಲೇ ಕಡಿಮೆ ಕರೆಂಟ್ ಬಳಸುವ ಯು ಸರಣಿಯ ಚಿಪ್‌ಗಳು ಎರಡು ಕೋರ್‌ನಿಂದ ನಾಲ್ಕಕ್ಕೆ ಏರಿದ್ದು. ಐ5-8250ಯು ಸಾಕು, ಐ7ಗೆ ಹೆಚ್ಚು ಕೊಡುವುದು ದಂಡ. ಎಂಎಕ್ಸ್150 ಗ್ರಾಫಿಕ್ಸ್ ಇರುವ ಮಾದರಿ ಅಗ್ಗಕ್ಕೆ ಸಿಕ್ಕರೂ ಬೇಡ. ಅದರ 2 ಜಿಬಿ ಮೆಮೊರಿಯಿಂದ ಇಂದಿನ ಎಐ ಕೆಲಸಗಳಿಗೆ ಹೇಳಿಕೊಳ್ಳುವ ಲಾಭವಿಲ್ಲ, ಬಿಸಿ ಮಾತ್ರ ಖಾತ್ರಿ. ಇದರ ನಂತರದ ಎಷ್ಟೋ ತೆಳು ಮಾದರಿಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ. ಇದರಲ್ಲಿ ಎರಡೂ ಸ್ಲಾಟ್ ತೆರೆದಿವೆ, ಹೊರಬ್ಯಾಟರಿ ಕೈಯಲ್ಲೇ ಬಿಚ್ಚುತ್ತದೆ. ನನ್ನ ಇಡೀ ಲೆಕ್ಕಾಚಾರ ನಿಂತಿರುವುದು ಈ ಎರಡರ ಮೇಲೆ.

ಕೊಳ್ಳುವಾಗ ಹೊರಗಿನ ಗೀರು ನೋಡಬೇಡಿ, ಬಯಾಸ್ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್ ಪುಟ) ನೋಡಿ. ಸೂಪರ್‌ವೈಸರ್ ಪಾಸ್‌ವರ್ಡ್ ಇದ್ದರೆ ಸೀದಾ ವಾಪಸ್ ಕೊಡಿ, ಬೋರ್ಡ್ ಮೇಲಿನ ಪುಟ್ಟ ಸಿಮಾಸ್ ಸೆಲ್ ತೆಗೆದಿಟ್ಟರೆ ಅದು ಹೋಗುವುದಿಲ್ಲ. ಎರಡನೆಯದು, ಇಂಟರ್ನೆಟ್ ಜೋಡಿಸಿಯೇ ವಿಂಡೋಸ್ ಹೊಸದಾಗಿ ಹಾಕಿ ನೋಡಿ. ಹಿಂದೆ ಬಳಸಿದ ಕಂಪನಿಯ ಆಟೋಪೈಲಟ್ (ಸಂಸ್ಥೆಗಳು ತಮ್ಮ ಯಂತ್ರಗಳನ್ನು ನೋಂದಾಯಿಸುವ ಮೈಕ್ರೋಸಾಫ್ಟ್ ವ್ಯವಸ್ಥೆ) ಪಟ್ಟಿಯಲ್ಲಿ ಯಂತ್ರದ ಹೆಸರು ಉಳಿದಿದ್ದರೆ ಆ ಸಂಸ್ಥೆಯ ಲಾಗಿನ್ ಪುಟ ತಾನಾಗಿ ಎದ್ದು ಬರುತ್ತದೆ. ಆಫ್‌ಲೈನ್‌ನಲ್ಲಿ ಹಾಕಿಕೊಟ್ಟ ಯಂತ್ರದಲ್ಲಿ ಇದು ಗೊತ್ತೇ ಆಗುವುದಿಲ್ಲ. ಮೂರನೆಯದು, ಎರಡೂ ಯುಎಸ್‌ಬಿ-ಸಿ ಪೋರ್ಟ್‌ಗಳಲ್ಲಿ ಚಾರ್ಜ್ ಮಾಡಿ ನೋಡಿ. ಚಾರ್ಜರ್ ಪಿನ್ ಅಲುಗಾಡಿದರೆ ಮುಂದೆ ಬೋರ್ಡ್ ಕೆಲಸವೇ ಗತಿ.

ಬಿಚ್ಚುವ ಮೊದಲು ಬಯಾಸ್‌ನ ಪವರ್ ಪುಟದಲ್ಲಿ ಒಳಬ್ಯಾಟರಿಯನ್ನು ನಿಷ್ಕ್ರಿಯಗೊಳಿಸುವ ಆಯ್ಕೆ ಒತ್ತಿ. ಯಂತ್ರ ತಾನೇ ಆರುತ್ತದೆ, ಮತ್ತೆ ಚಾರ್ಜರ್ ಚುಚ್ಚುವವರೆಗೂ ಎಚ್ಚರವಾಗುವುದಿಲ್ಲ. ಹೊರಬ್ಯಾಟರಿ ತೆಗೆದ ಮಾತ್ರಕ್ಕೆ ಕರೆಂಟ್ ಹೋಯಿತು ಎಂದುಕೊಂಡು ರ‍್ಯಾಮ್ ಕಿತ್ತರೆ ಬೋರ್ಡ್‌ಗೆ ಅಪಾಯ.

ಎಸ್‌ಎಸ್‌ಡಿ ಒಂದನ್ನೇ ಬದಲಾಯಿಸಿ ವೇಗ ತರುವ ದಾರಿ ಎಲ್ಲರೂ ಹೇಳುವಂಥದ್ದು. ಅದು ಕೈಕೊಟ್ಟಿತು. ಫೋಟೋ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಕಾಯಿಸುವುದು ಡಿಸ್ಕ್ ಅಲ್ಲ, ರಾ ಫೈಲ್ ಬಿಡಿಸುವ ಸಿಪಿಯು. 25–30 ಎಂಬಿಯ ಫೈಲನ್ನು ಹಳೇ ಬಗೆಯ ಸಾಟಾ ಡ್ರೈವ್ ಕೂಡ ಕಣ್ಣು ಮಿಟುಕಿಸುವಷ್ಟರಲ್ಲಿ ಓದಿಬಿಡುತ್ತದೆ. ಜತೆಗೆ 2.5 ಇಂಚಿನ ಜಾಗಕ್ಕೆ ಹಾಕುವ ಎನ್‌ವಿಎಂಇ (ಸಾಟಾಗಿಂತ ವೇಗದ ಎಸ್‌ಎಸ್‌ಡಿ) ಅಡಾಪ್ಟರ್‌ನಲ್ಲಿ ಪಿಸಿಐಇ 3.0ರ ಎರಡೇ ಲೇನ್, ಅಂದರೆ ಡೇಟಾ ಓಡಲು ಎರಡೇ ದಾರಿ. ಡಬ್ಬದ ಮೇಲೆ 3500 ಎಂದು ಬರೆದಿದ್ದರೂ ಸೆಕೆಂಡಿಗೆ 1600–1700 ಎಂಬಿಗಿಂತ ಮೇಲೆ ಹೋಗದು. ಹಾಗಾಗಿ ದುಬಾರಿ ಡ್ರೈವ್ ಬೇಕಿಲ್ಲ, ಆದರೆ ಒಂದೊಂದು ಕೋಶಕ್ಕೆ ನಾಲ್ಕು ಬಿಟ್ ತುಂಬುವ ಅಗ್ಗದ ಕ್ಯೂಎಲ್‌ಸಿಯೂ ಬೇಡ. ಮುಕ್ಕಾಲು ತುಂಬಿದ ಕ್ಯೂಎಲ್‌ಸಿ ಡ್ರೈವ್‌ಗೆ ಮುನ್ನೂರು ಜಿಬಿ ಒಟ್ಟಿಗೆ ಸುರಿದರೆ ಕ್ಯಾಶ್ ಮುಗಿದು ವೇಗ ಹಾರ್ಡ್‌ಡಿಸ್ಕ್ ಮಟ್ಟಕ್ಕೆ ಕುಸಿಯುತ್ತದೆ. ಮೂರು ಬಿಟ್‌ನ ಟಿಎಲ್‌ಸಿ ಇರಲಿ, ಡಿರ‍್ಯಾಮ್ ಇಲ್ಲದಿದ್ದರೂ ನಡೆಯುತ್ತದೆ, ಕಾಲು ಭಾಗ ಖಾಲಿ ಬಿಡಿ.

ರ‍್ಯಾಮ್ ವಿಷಯದಲ್ಲಿ ಜೋಡಿ ಮುಖ್ಯ. 16 ಜಿಬಿಯ ಒಂದೇ ಕಡ್ಡಿಗಿಂತ 8ರ ಎರಡು ಕಡ್ಡಿ ಮೇಲು. ಚಿಪ್‌ನೊಳಗಿನ ಯುಎಚ್‌ಡಿ 620 ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ, ಹಂಚಿಕೊಂಡು ಬದುಕುವುದು. ಡಿಡಿಆರ್4-2400ರಲ್ಲಿ ಒಂದು ಕಡ್ಡಿ ಸೆಕೆಂಡಿಗೆ 19.2 ಜಿಬಿ, ಎರಡು ಸೇರಿದರೆ 38.4. ಸ್ಲೈಡರ್ ಎಳೆಯುವಾಗಲೇ ವ್ಯತ್ಯಾಸ ಕಾಣುತ್ತದೆ. ಫೋಟೋಶಾಪ್‌ನಲ್ಲಿ 24 ಮೆಗಾಪಿಕ್ಸೆಲ್‌ನ 16 ಬಿಟ್ ಲೇಯರ್ ಒಂದಕ್ಕೆ 144 ಎಂಬಿ. ಹತ್ತು ಲೇಯರ್, ಹಿಸ್ಟರಿ, ಲೈಟ್‌ರೂಮ್, ಬ್ರೌಸರ್ ಸೇರಿದರೆ 16 ಜಿಬಿ ಅಂಚಿಗೆ ಬರುತ್ತದೆ. 32ರಲ್ಲಿ ಆರಾಮ. 64 ಕೂಡ ಹಾಕಿ ನೋಡಿದ್ದಾಯಿತು, ಯಂತ್ರ ಒಪ್ಪಿಕೊಳ್ಳುತ್ತದೆ. ದೊಡ್ಡ ಪನೋರಮಾ ಬಿಟ್ಟರೆ ಏನೂ ಬದಲಾಗಲಿಲ್ಲ, ಮಾರಿಬಿಟ್ಟೆ.

ನಿಜವಾದ ವೇಗ ಬಂದದ್ದು ಶಾಖದ ಕಡೆಯಿಂದ. ಚಿಪ್‌ನ ಶಾಖ ಸಾಗಿಸುವ ಪೇಸ್ಟ್ ಒಣಗಿದ ಯಂತ್ರದಲ್ಲಿ ಎಕ್ಸ್‌ಪೋರ್ಟ್ ಶುರುವಾಗಿ ಎರಡು ನಿಮಿಷಕ್ಕೇ 95 ಡಿಗ್ರಿ, ವೇಗ 2 ಗಿಗಾಹರ್ಟ್ಜ್‌ಗಿಂತ ಕೆಳಗೆ. ಒಳ್ಳೆಯ ಪೇಸ್ಟ್ ಹಾಕಿದರೂ ಕೆಲವೇ ತಿಂಗಳಿಗೆ ಮತ್ತೆ ಅದೇ ಕಥೆ. ಚಿಪ್ ಬಿಸಿಯಾಗಿ ತಣ್ಣಗಾಗುವ ಪ್ರತಿ ಸುತ್ತಿಗೂ ಪೇಸ್ಟ್ ಅಂಚಿಗೆ ಜಾರುತ್ತದೆ. ಪೇಸ್ಟ್ ಬದಲು ಪಿಟಿಎಂ7950 ಎಂಬ ಶಾಖವಾಹಕ ಹಾಳೆ ಹಾಕಿದ ಮೇಲೆ 80ರ ಆಸುಪಾಸಿನಲ್ಲಿ 2.6–2.7 ಗಿಗಾಹರ್ಟ್ಜ್ ಹಿಡಿದು ನಿಲ್ಲುತ್ತಿದೆ. ಚಿಪ್‌ನ ಅಳತೆಗೆ ಕತ್ತರಿಸಿ, ಐದು ನಿಮಿಷ ಫ್ರೀಜರ್‌ನಲ್ಲಿಟ್ಟು ಕವಚ ಸುಲಿಯಿರಿ, ಇಲ್ಲವಾದರೆ ಹಾಳೆ ಕವಚದ ಜತೆಗೇ ಎದ್ದು ಬರುತ್ತದೆ. ಮೊದಲ ದಿನದ ಫಲಿತಾಂಶ ನೋಡಿ ಬೇಸರ ಬೇಡ. ಅದು ಸುಮಾರು 45 ಡಿಗ್ರಿ ದಾಟಿದಾಗ ಮೆತ್ತಗಾಗಿ ಹರಡುತ್ತದೆ, ನಾಲ್ಕೈದು ಬಾರಿ ಕಾದು ಆರಿದ ಮೇಲೆ ಕೂರುತ್ತದೆ. ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶದಲ್ಲಿ ಚಿಪ್‌ನ ವೋಲ್ಟೇಜ್ ತಗ್ಗಿಸಿದರೆ ಇನ್ನೂ ಐದಾರು ಡಿಗ್ರಿ ಇಳಿಯುತ್ತದೆ. ಆದರೆ 2019ರ ಕೊನೆಯಲ್ಲಿ ಬಯಲಾದ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷದ ನಂತರ ಹಲವು ಲ್ಯಾಪ್‌ಟಾಪ್‌ಗಳ ಬಯಾಸ್ ಅಪ್‌ಡೇಟ್‌ಗಳು ಅದಕ್ಕೆ ಬೀಗ ಹಾಕಿವೆ, ನಿಮ್ಮದರಲ್ಲಿ ಆಗುತ್ತದೋ ನೋಡಿಕೊಳ್ಳಿ. ನಾನು ಇಟ್ಟಿರುವ ಪವರ್ ಲಿಮಿಟ್ ಅಂಕಿಗಳನ್ನು ಇಲ್ಲಿ ಕೊಡುವುದಿಲ್ಲ. ಒಂದು ಚಿಪ್‌ಗೆ ಹೊಂದಿದ್ದು ಇನ್ನೊಂದಕ್ಕೆ ಹೊಂದದು. ಹೊಂದಿಸಿಕೊಳ್ಳಲು ಪಟ್ಟ ಪಾಡಿಗೆ ಅಷ್ಟಾದರೂ ಗುಟ್ಟು ನನ್ನ ಬಳಿ ಇರಲಿ.

ಪರದೆಯ ವಿಷಯಕ್ಕೆ ಬಂದರೆ, ಮೂಲದ ಫುಲ್ ಎಚ್‌ಡಿ ಐಪಿಎಸ್ 250 ನಿಟ್ (ಹೊಳಪಿನ ಅಳತೆ), ಎನ್‌ಟಿಎಸ್‌ಸಿ ಎಂಬ ಬಣ್ಣವ್ಯಾಪ್ತಿಯ 45 ಶೇಕಡ. ವೆಬ್‌ನ ಮಾಮೂಲಿ ಬಣ್ಣವ್ಯಾಪ್ತಿ ಎಸ್‌ಆರ್‌ಜಿಬಿ ಲೆಕ್ಕದಲ್ಲಿ ಅರವತ್ತರ ಆಸುಪಾಸು. ಕೆಂಪು ಇಟ್ಟಿಗೆಯಂತೆ ಮಂಕಾಗಿ ಕಾಣುತ್ತದೆ, ನೀವು ಸ್ಯಾಚುರೇಶನ್ ಏರಿಸುತ್ತೀರಿ, ಫೋನಿನಲ್ಲಿ ನೋಡಿದರೆ ಮುಖವೆಲ್ಲ ಕೆಂಡ. ಯಾವ ಕ್ಯಾಲಿಬ್ರೇಶನ್ನೂ ಇಲ್ಲದ ಬಣ್ಣವನ್ನು ಹುಟ್ಟಿಸುವುದಿಲ್ಲ. ಹಾಕಿದ್ದು ಇನೋಲಕ್ಸ್‌ನ ಎನ್140ಎಚ್‌ಸಿಜಿ-ಜಿಕ್ಯೂ2: 400 ನಿಟ್, ಪೂರ್ತಿ ಎಸ್‌ಆರ್‌ಜಿಬಿ, ಕರೆಂಟ್ ಕುಡಿಯುವುದೂ ಕಡಿಮೆ. 2560 ಪಿಕ್ಸೆಲ್‌ನ ಪರದೆಯ ಆಸೆ ಬಂದರೆ ನೆನಪಿಡಿ: ಫುಲ್ ಎಚ್‌ಡಿ ಕೇಬಲ್ 30 ಪಿನ್, ಅದಕ್ಕೆ ಬೇಕಾದದ್ದು 40 ಪಿನ್. ಕೇಬಲ್ಲೂ ಬದಲಾಗಬೇಕು, ಮೇಲಾಗಿ ಅಷ್ಟು ಪಿಕ್ಸೆಲ್ ಎಳೆಯಲು ಯುಎಚ್‌ಡಿ 620 ಏದುಸಿರು ಬಿಡುತ್ತದೆ.

ಪ್ಯಾನೆಲ್ ತರಿಸುವಾಗ ಎಡವುವುದು ಸಂಖ್ಯೆಯ ಬಾಲದಲ್ಲಿ. ಮೊದಲ ಅಕ್ಷರಗಳು ಒಂದೇ ಇದ್ದು ಕೊನೆಯದು ಬೇರೆಯಾದರೆ ನಿಟ್ ಬೇರೆ, ಬಣ್ಣ ಬೇರೆ, ಕೆಲವೊಮ್ಮೆ ಕನೆಕ್ಟರ್‌ನ ಜಾಗವೂ ಬೇರೆ. ಬೆನ್ನಿನ ಸ್ಟಿಕ್ಕರ್‌ನ ಫೋಟೋ ಕೇಳದೆ ದುಡ್ಡು ಕೊಡಬೇಡಿ. ಪಕ್ಕದ ಬ್ರಾಕೆಟ್ ಇದೆಯೋ ಇಲ್ಲವೋ ಎಂಬುದನ್ನೂ ಕೇಳಿ. "ಹೊಂದುವ ಪ್ಯಾನೆಲ್" ಎಂಬ ಹೆಸರಿನಲ್ಲಿ ಮಾರುವವರು ಹೇಳಿದ್ದೊಂದು ಕಳಿಸುವುದೊಂದು ಮಾಡಿದ್ದಕ್ಕೆ ಇಲ್ಲಿ ಒಂದಷ್ಟು ದುಡ್ಡು ನೀರಿಗೆ ಹೋಗಿದೆ. ಬಂದ ಕೂಡಲೇ ಅಂಟಿಸಬೇಡಿ. ಕೇಬಲ್ ಮಾತ್ರ ಚುಚ್ಚಿ, ಕಪ್ಪು, ಬಿಳಿ, ಬೂದು ಹಿನ್ನೆಲೆ ಹಾಕಿ ಅರ್ಧ ಗಂಟೆ ಉರಿಸಿ, ಸತ್ತ ಪಿಕ್ಸೆಲ್, ಅಂಚಿನ ಬೆಳಕು ಎಲ್ಲ ನೋಡಿದ ಮೇಲೆ ಬೆಜೆಲ್ (ಪರದೆಯ ಸುತ್ತಿನ ಚೌಕಟ್ಟು) ಮುಚ್ಚಿ.

ಪರದೆ ಹೊಸದಾದರೂ ಬಣ್ಣ ಕುಣಿಯುತ್ತಿದ್ದರೆ ತಪ್ಪು ಪರದೆಯದ್ದಲ್ಲ. ಇಂಟೆಲ್ ಗ್ರಾಫಿಕ್ಸ್‌ನ ಡಿಸ್‌ಪ್ಲೇ ಪವರ್ ಸೇವಿಂಗ್ ಎಂಬ ಆಯ್ಕೆ ಬ್ಯಾಟರಿಯಲ್ಲಿದ್ದಾಗ ಚಿತ್ರಕ್ಕೆ ತಕ್ಕಂತೆ ಬೆಳಕು, ಕಾಂಟ್ರಾಸ್ಟ್ ಬದಲಿಸುತ್ತದೆ. ಕಪ್ಪು ಫೋಟೋದಿಂದ ಬಿಳಿ ಫೋಟೋಗೆ ಹೋದಾಗ ಒಂದು ಕ್ಷಣ ಪರದೆ ಉಸಿರಾಡಿದಂತೆ ಕಂಡರೆ ಇದೇ ಕಾರಣ. ವಿಂಡೋಸ್ 11ರ ಕಂಟೆಂಟ್ ಅಡಾಪ್ಟಿವ್ ಬ್ರೈಟ್‌ನೆಸ್, ನೈಟ್ ಲೈಟ್ ಕೂಡ ಮುಚ್ಚಿ. ಹಳೇ ಪರದೆಯ ಐಸಿಸಿ ಪ್ರೊಫೈಲ್ (ಬಣ್ಣ ತಿದ್ದುವ ಫೈಲ್) ಅಳಿಸಿ, ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು, ಕಲರ್ ಅಳೆಯುವ ಉಪಕರಣ ಜೋಡಿಸಿ ಡಿಸ್‌ಪ್ಲೇಕ್ಯಾಲ್ ತಂತ್ರಾಂಶದಲ್ಲಿ ಡಿ65 (ಹಗಲಿನ ಬಿಳುಪು), ಗಾಮಾ 2.2, 120 ನಿಟ್‌ಗೆ ಪ್ರೊಫೈಲ್ ಮಾಡಿ. ಬಿಸಿಲು ಬೀಳುವ ಕಿಟಕಿ ಪಕ್ಕ ಕೂತು 400 ನಿಟ್‌ಗೆ ಏರಿಸಿದಾಗ ಒಳ್ಳೆಯ ಫೋಟೋ ಆಯ್ದುಕೊಳ್ಳುವ ಕೆಲಸ ಮಾತ್ರ ಮಾಡಿ. ಎಕ್ಸ್‌ಪೋಶರ್ ಮುಟ್ಟಿದರೆ ರಾತ್ರಿ ನೋಡುವಾಗ ಎಲ್ಲ ಫೋಟೋಗಳೂ ಕತ್ತಲು.

ಲೈಟ್‌ರೂಮ್ ಒಳಗೆ ಮೂರು ಬದಲಾವಣೆ ಸಾಕು. ಇಂಪೋರ್ಟ್ ಹೊತ್ತಿನಲ್ಲೇ ಸ್ಮಾರ್ಟ್ ಪ್ರಿವ್ಯೂ (ಎಡಿಟ್ ಮಾಡಬಹುದಾದ ಚಿಕ್ಕ ಪ್ರತಿ) ಕಟ್ಟಿಸಿ, ಪರ್ಫಾರ್ಮೆನ್ಸ್ ಪುಟದಲ್ಲಿ ಮೂಲ ಫೈಲಿನ ಬದಲು ಅದನ್ನೇ ಎಡಿಟಿಂಗ್‌ಗೆ ಬಳಸುವಂತೆ ಗುರುತು ಹಾಕಿ. ಉದ್ದನೆಯ ಬದಿ 2560 ಪಿಕ್ಸೆಲ್‌ನ ಆ ಫೈಲುಗಳು ಈ ಚಿಪ್‌ಗೆ ಹೂವಿನಷ್ಟು ಹಗುರ. ಕಟ್ಟಲು ಫೋಟೋಗೆ ಎರಡು ಮೂರು ಸೆಕೆಂಡ್, ಊಟದ ಹೊತ್ತಿಗೆ ಹಾಕಿಬಿಟ್ಟರೆ ಆಯಿತು. ಶಾರ್ಪನಿಂಗ್, ನಾಯ್ಸ್ ತೀರ್ಮಾನ ಮಾತ್ರ ಆ ಗುರುತು ತೆಗೆದು ಮೂಲ ಫೈಲಿನಲ್ಲೇ ಮಾಡಿ, 2560ರಲ್ಲಿ ನೋಡಿದ್ದು ಸುಳ್ಳು ಹೇಳುತ್ತದೆ. ಎರಡನೆಯದು, ಕ್ಯಾಮೆರಾ ರಾ ಕ್ಯಾಶ್ ಅನ್ನು 30 ಜಿಬಿಗೆ ಏರಿಸಿ. ಮೂರನೆಯದು, ಜಿಪಿಯು ಆಯ್ಕೆಯನ್ನು ಕಸ್ಟಮ್‌ಗೆ ತಿರುಗಿಸಿ ಪರದೆಗೆ ಮಾತ್ರ ಬಿಡಿ. ಇಮೇಜ್ ಪ್ರೊಸೆಸಿಂಗ್‌ಗೂ ಕೊಟ್ಟರೆ ಈ ಚಿಪ್‌ನಲ್ಲಿ ಮುಗ್ಗರಿಸುವುದೇ ಹೆಚ್ಚು.

ಎಐ ಡಿನಾಯ್ಸ್ (ಕತ್ತಲ ಫೋಟೋದ ಚುಕ್ಕೆ ತೆಗೆಯುವುದು) ಇದರಲ್ಲಿ ಆಗದ ಕೆಲಸ. ಒಂದೊಂದು ಫೋಟೋಗೆ ಹತ್ತು ನಿಮಿಷ ದಾಟುತ್ತದೆ, ಅಷ್ಟೂ ಹೊತ್ತು ಫ್ಯಾನ್ ಕಿರುಚುತ್ತದೆ. ಕತ್ತಲಲ್ಲಿ ಹಕ್ಕಿ, ವೇದಿಕೆ, ಮದುವೆ ತೆಗೆದು ಪ್ರತಿ ಫೋಟೋಗೂ ಡಿನಾಯ್ಸ್ ಬೇಕು ಎನ್ನುವವರು ಈ ದಾರಿ ಬಿಟ್ಟು 16 ಜಿಬಿಯ ಸೆಕೆಂಡ್‌ಹ್ಯಾಂಡ್ ಎಂ ಸರಣಿ ಮ್ಯಾಕ್‌ಬುಕ್ ಏರ್ ನೋಡುವುದೇ ಸರಿ. ಅದರಲ್ಲಿ ಮುಂದೆ ರ‍್ಯಾಮಾಗಲಿ ಸ್ಟೋರೇಜಾಗಲಿ ಹೆಚ್ಚಿಸಲಾಗದು ಎಂಬುದು ಗೊತ್ತಿದ್ದರಾಯಿತು.

ಒಂದು ಅಡ್ಡದಾರಿಯ ಪ್ರಯೋಗ ಫಲ ಕೊಟ್ಟಿತು. ಸಿಮ್ ಮಾಡೆಮ್‌ಗೆಂದು ಬಿಟ್ಟಿರುವ ಎಂ.2 ಸ್ಲಾಟ್‌ಗೆ 2242 ಅಳತೆಯ ಎನ್‌ವಿಎಂಇ ಹಾಕಬಹುದು. ಅದು ಬಿ+ಎಂ ಕೀ ಇರುವುದಾಗಿರಬೇಕು, ಎರಡು ಕಚ್ಚು ಕಾಣಬೇಕು. ಒಂದೇ ಕಚ್ಚಿನ ಎಂ ಕೀ ಡ್ರೈವ್ ಒಳಗೆ ಕೂರುವುದೇ ಇಲ್ಲ. ಇಂಪೋರ್ಟ್ ಪುಟದ ಎರಡನೇ ಪ್ರತಿಯ ಜಾಗವನ್ನು ಈ ಡ್ರೈವ್‌ಗೆ ತೋರಿಸಿದರೆ ಕಾರ್ಡ್ ಹಾಕಿದಾಗಲೇ ಎರಡು ಪ್ರತಿ ತಯಾರು. ಲ್ಯಾಪ್‌ಟಾಪ್ ಕಳುವಾದರೆ ಎರಡೂ ಒಟ್ಟಿಗೇ ಹೋಗುತ್ತವೆ, ಆದ್ದರಿಂದ ಮೂರನೆಯದು ಹೊರಗಿನ ಎಸ್‌ಎಸ್‌ಡಿಯಲ್ಲಿ, ಬೇರೆ ಚೀಲದಲ್ಲಿ. ಕ್ಯಾಮೆರಾ ಕಾರ್ಡ್ ವೇಗದ ಯುಎಚ್‌ಎಸ್-2 ಬಗೆಯದಾಗಿದ್ದರೆ ಹೊರಗಿನ ರೀಡರ್ ಕೊಳ್ಳಿ. 64 ಜಿಬಿ ಇಳಿಸಲು 80 ಎಂಬಿ ವೇಗದಲ್ಲಿ ಹದಿಮೂರು ನಿಮಿಷ, 240ರಲ್ಲಿ ನಾಲ್ಕೂವರೆ.

ಬ್ಯಾಟರಿ ಜೋಡಿಯೇ ಪ್ರವಾಸದಲ್ಲಿ ಈ ಯಂತ್ರದ ಹೆಚ್ಚುಗಾರಿಕೆ. ಒಳಗೆ 24 ವಾಟ್-ಅವರ್, ಹೊರಗೆ 72ರದ್ದು. ಒಳಗಿನದು ಜೀವಂತ ಇದ್ದರೆ ಯಂತ್ರ ಆರಿಸದೆಯೇ ಹೊರಗಿನದನ್ನು ಬದಲಿಸಬಹುದು. ಒಳಗಿನದು ಸತ್ತಿದ್ದರೆ ಬದಲಿಸುವ ಕ್ಷಣದಲ್ಲೇ ಯಂತ್ರವೂ ಆರುತ್ತದೆ, ಆದ್ದರಿಂದ ಒಳಗಿನದನ್ನು ಮೊದಲು ಹೊಸದು ಮಾಡಿ. ಮೂಲ ತಯಾರಕರದ್ದಲ್ಲದ ಬ್ಯಾಟರಿ ತಂದರೆ ವಿಂಡೋಸ್‌ನ ಪವರ್‌ಸಿಎಫ್‌ಜಿ ಕಮಾಂಡ್‌ನಿಂದ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿ, ಆದರೆ ಅದರ ಅಂಕಿಯನ್ನೇ ನಂಬಬೇಡಿ. ಕೆಲವು ಬ್ಯಾಟರಿಗಳ ಚಿಪ್ಪೇ ಸುಳ್ಳು ಹೇಳುತ್ತದೆ. ಪೂರ್ತಿ ತುಂಬಿಸಿ, ಒಂದೇ ವಿಡಿಯೋ ಓಡಿಸುತ್ತಾ ಎಷ್ಟು ಹೊತ್ತು ಬಂತು ಎಂದು ಗಡಿಯಾರ ಹಿಡಿದು ನೋಡುವುದೇ ಖಚಿತ. ಈ ಜೋಡಿಯಲ್ಲಿ ಫೋಟೋ ಆಯ್ದುಕೊಳ್ಳುವ ಕೆಲಸಕ್ಕೆ ಎಂಟು ಒಂಬತ್ತು ಗಂಟೆ, ಬಿಡದೆ ಎಕ್ಸ್‌ಪೋರ್ಟ್ ಮಾಡಿದರೆ ಮೂರೂವರೆ. ತೂಕ 2 ಕೆಜಿ ಹತ್ತಿರ ಬರುತ್ತದೆ ಎಂಬುದು ಇದಕ್ಕೆ ತೆರುವ ಬೆಲೆ.

ಮೂಲ ಚಾರ್ಜರ್ ಮನೆಯಲ್ಲೇ ಬಿಡಿ. 65 ವಾಟ್‌ನ ಎರಡು ಮೂರು ಪೋರ್ಟ್ ಇರುವ ಗ್ಯಾನ್ (ಪುಟ್ಟದಾಗಿದ್ದೂ ಹೆಚ್ಚು ವಾಟ್ ಕೊಡುವ) ಚಾರ್ಜರ್ ಒಂದೇ ಕ್ಯಾಮೆರಾಗೂ ಆಗುತ್ತದೆ. ಎರಡನೇ ಪೋರ್ಟ್‌ಗೆ ಏನಾದರೂ ಚುಚ್ಚಿದರೆ ಲ್ಯಾಪ್‌ಟಾಪ್ ಪಾಲು 45 ವಾಟ್‌ಗೆ ಇಳಿಯುವುದು ಸಾಮಾನ್ಯ, ಎಕ್ಸ್‌ಪೋರ್ಟ್ ಹಾಕಿದಾಗ ಚಾರ್ಜ್ ಏರುವುದೇ ಇಲ್ಲ. ಪವರ್ ಬ್ಯಾಂಕ್ 20 ವೋಲ್ಟ್ ಕೊಡಬೇಕು, ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ. ವಿಮಾನದಲ್ಲಿ ಬಿಡಿ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕೈಚೀಲದಲ್ಲೇ ಇರಬೇಕು, 100 ವಾಟ್-ಅವರ್ ಒಳಗಿದ್ದರೆ ವಿಶೇಷ ಅನುಮತಿ ಬೇಕಿಲ್ಲ. 20000 ಎಂಎಎಚ್ ಎಂದರೆ 3.7ರಿಂದ ಗುಣಿಸಿ 74 ವಾಟ್-ಅವರ್. 72ರ ಬಿಡಿ ಬ್ಯಾಟರಿಯ ಸಂಪರ್ಕ ಬಿಂದುಗಳ ಮೇಲೆ ಟೇಪ್ ಅಂಟಿಸಿಡಿ, ಅಂಕಿ ಬರೆದಿರುವ ಬದಿ ಮೇಲೆ ಕಾಣುವ ಹಾಗೆ ಇಟ್ಟರೆ ತಪಾಸಣೆಯಲ್ಲಿ ಚೀಲ ಬಗೆಸಿಕೊಳ್ಳುವುದು ತಪ್ಪುತ್ತದೆ.